ಫುಟ್‌ಬಾಲ್ ಮೈದಾನದಲ್ಲಿ ಎಚ್‌ಐವಿ ಮಾತು: ನಾರ್ತ್ ಕ್ಯಾರೊಲೈನಾದ ಒಂದು ಪ್ರಕರಣ

ನಾರ್ತ್ ಕ್ಯಾರೊಲೈನಾದ ಕ್ಯಾರಿ, ಮಾರಿಸ್‌ವಿಲ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡದ ಮನೆಗಳು ಬಹಳ. ಮಕ್ಕಳಿಗೆ ಆನೆ, ಜಿರಾಫೆ ತೋರಿಸಲು ಆಶ್‌ಬರೋದ ಮೃಗಾಲಯಕ್ಕೆ ಹೊರಟರೆ ಅವರು ಹಿಡಿಯುವುದು ಯುಎಸ್ 64 ಹೆದ್ದಾರಿ. ಅರ್ಧ ದಾರಿ ದಾಟಿದ ಮೇಲೆ ಸೈಲರ್ ಸಿಟಿ ಬರುತ್ತದೆ. ಅಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲ. ನಾನು ಹೇಳಹೊರಟಿರುವುದು ಆ ಊರಿನಂಥ ಊರುಗಳ ಗಂಡಸರ ಬಗ್ಗೆ.

ಸೈಲರ್ ಸಿಟಿಯನ್ನು ದೊಡ್ಡದು ಮಾಡಿದ್ದು ಕೋಳಿ. ಕೋಳಿ ಕೊಯ್ದು, ತುಂಡು ಮಾಡಿ, ಪ್ಯಾಕ್ ಮಾಡಿ ಕಳಿಸುವ ಕಾರ್ಖಾನೆಗಳಿಗೆ ಆಳು ಬೇಕಿತ್ತು. ತಣ್ಣನೆಯ ಶೆಡ್ಡಿನಲ್ಲಿ ದಿನವಿಡೀ ನಿಂತು ಚಾಕು ಹಿಡಿಯುವ ಕೆಲಸಕ್ಕೆ ಮೆಕ್ಸಿಕೊ, ಗ್ವಾಟೆಮಾಲಾದಿಂದ ಬಂದವರು ಸಿಕ್ಕರು. 2000ದ ಜನಗಣತಿಯ ವೇಳೆಗೆ ಆ ಪುಟ್ಟ ಊರಿನಲ್ಲಿ ನೂರಕ್ಕೆ ಸುಮಾರು 40 ಮಂದಿ ಲ್ಯಾಟಿನೊಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ಇಡೀ ರಾಜ್ಯದ ಲೆಕ್ಕ ಇನ್ನೂ ದಂಗುಬಡಿಸುವಂಥದ್ದು. 1990ರಲ್ಲಿ 76,726 ಇದ್ದ ಲ್ಯಾಟಿನೊಗಳು ಹತ್ತೇ ವರ್ಷದಲ್ಲಿ 3,78,963 ಆದರು. ಇದು ಎಲ್ಲರಿಗೂ ಹಿಡಿಸಲಿಲ್ಲ. 2000ದ ಫೆಬ್ರವರಿಯಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಸಂಘಟನೆಯ ಹಳೆಯ ನಾಯಕ ಡೇವಿಡ್ ಡ್ಯೂಕ್ ಇದೇ ಸೈಲರ್ ಸಿಟಿಗೆ ಬಂದು ವಲಸಿಗರ ವಿರುದ್ಧ ಸಭೆ ಮಾಡಿದ. ನಾಲ್ಕು ವರ್ಷದ ಮೇಲೆ, 2004ರಲ್ಲಿ, ಅದೇ ಊರಿನ ಜೋರ್ಡನ್-ಮ್ಯಾಥ್ಯೂಸ್ ಹೈಸ್ಕೂಲಿನ ಹುಡುಗರು ರಾಜ್ಯಮಟ್ಟದ ಫುಟ್‌ಬಾಲ್ ಪಂದ್ಯಾವಳಿ ಗೆದ್ದರು. ಬಹುಪಾಲು ಲ್ಯಾಟಿನೊ ಹುಡುಗರೇ ಇದ್ದ ತಂಡ ಅದು. ಫುಟ್‌ಬಾಲ್ ಈ ಜನರಿಗೆ ಏನು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ತೆರೆದ ಬಾಗಿಲು, ಬಾರದ ಜನ

ಆರೋಗ್ಯ ಇಲಾಖೆಗಳ ಎದುರು ಇದ್ದದ್ದು ಒಂದು ಒಗಟು. ನಾರ್ತ್ ಕ್ಯಾರೊಲೈನಾದಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆರೋಗ್ಯ ಕೇಂದ್ರಗಳು ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಪರೀಕ್ಷೆಗೆ ಕಾಸು ಕೇಳುವಂತಿಲ್ಲ. ನಿಯಮವೇ ಹಾಗಿದೆ. ಬಾಗಿಲು ತೆರೆದಿತ್ತು, ಪರೀಕ್ಷೆ ಬಿಟ್ಟಿ, ಆದರೂ ಆಗಷ್ಟೇ ಬಂದ ಲ್ಯಾಟಿನೊ ಗಂಡಸರು ಒಳಗೆ ಕಾಲಿಡುತ್ತಿರಲಿಲ್ಲ.

ಇಂಥ ಕಡೆ ಅಧಿಕಾರಿಗಳಿಗೆ ಮೊದಲು ಹೊಳೆಯುವ ಉತ್ತರ ‘ಅರಿವಿಲ್ಲ’ ಎಂಬುದು. ಅರಿವಿಲ್ಲ ಎಂದ ಮೇಲೆ ಕರಪತ್ರ ಅಚ್ಚಾಗುತ್ತದೆ, ಸ್ಪ್ಯಾನಿಷ್‌ಗೆ ಅನುವಾದವಾಗುತ್ತದೆ, ಕೇಂದ್ರದ ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಕೂರುತ್ತದೆ. ಕೇಂದ್ರಕ್ಕೇ ಬಾರದವನಿಗೆ ಕೇಂದ್ರದೊಳಗಿನ ಕರಪತ್ರ. ಆ ಗಂಡಸರನ್ನೇ ಕೂರಿಸಿ ಕೇಳಿದಾಗ ಸಿಕ್ಕ ಕಾರಣಗಳು ಬೇರೆ. ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದೇ ಹಲವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಕೌಂಟರಿನಲ್ಲಿ ಮಾತಾಡಲು ಇಂಗ್ಲಿಷ್ ಬಾರದು. ಹೆಸರು, ವಿಳಾಸ ಕೇಳಿದರೆ ಅದು ವಲಸೆ ಪೊಲೀಸರಿಗೆ ಹೋಗುತ್ತದೇನೋ ಎಂಬ ದಿಗಿಲು. ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಯಿತು. ಇದೆಲ್ಲದರ ಮೇಲೆ, ಗಂಡಸಾದವನು ಕಾಯಿಲೆ ಕಸಾಲೆ ಎಂದು ಕೊರಗಬಾರದು, ಕಾಂಡೋಮ್ ಎಂದು ಬಾಯಿಬಿಡಬಾರದು ಎಂಬ ಊರಿನಿಂದಲೇ ಹೊತ್ತು ತಂದ ಬಿಗುಮಾನ. ಹುಷಾರು ತಪ್ಪಿದರೆ ಅವರು ಮೊದಲು ಹೋಗುತ್ತಿದ್ದದ್ದು ‘ಟಿಯೆಂಡಾ’ಕ್ಕೆ, ಅಂದರೆ ತಮ್ಮವರೇ ನಡೆಸುವ ಕಿರಾಣಿ ಅಂಗಡಿಗೆ. ಚೀಟಿ ಬೇಕಾದ ಔಷಧಿಯೂ ಕೆಲವು ಕಡೆ ಅಲ್ಲಿ ಚೀಟಿಯಿಲ್ಲದೆ ಸಿಗುತ್ತಿತ್ತು. ಇದು ದಡ್ಡತನ ಎಂದು ನನಗೆ ಅನಿಸುವುದಿಲ್ಲ. ತನ್ನ ಮಾತು ಅರ್ಥವಾಗುವ, ತನ್ನನ್ನು ಹಿಡಿದುಕೊಡದ ಒಬ್ಬ ಮನುಷ್ಯನ ಹತ್ತಿರ ಹೋಗುವುದು ಯಾರಾದರೂ ಮಾಡುವ ಕೆಲಸ.

ಹದಿನೈದು ನಾವೆಗಾಂತೆಗಳು

ಈ ಸಮಸ್ಯೆಯನ್ನು ಹಿಡಿದವರು ಒಂದು ಸಂಶೋಧನಾ ಪಾಲುದಾರಿಕೆ. ಸ್ಕಾಟ್ ರೋಡ್ಸ್ ಎಂಬ ಸಾರ್ವಜನಿಕ ಆರೋಗ್ಯ ಸಂಶೋಧಕರು ಇದರ ಮುಖ್ಯ ಹೆಸರು. ಮುಂದೆ ಅವರ ನೆಲೆ ವಿನ್‌ಸ್ಟನ್-ಸೇಲಂನ ವೇಕ್ ಫಾರೆಸ್ಟ್ ವೈದ್ಯಕೀಯ ಶಾಲೆ. ಆದರೆ ಇದನ್ನು ಒಬ್ಬ ಪ್ರೊಫೆಸರರ ಕೆಲಸ ಎಂದು ಹೇಳಿದರೆ ತಪ್ಪಾಗುತ್ತದೆ. ಪಾಲುದಾರಿಕೆಯಲ್ಲಿ ಲ್ಯಾಟಿನೊ ಸಮುದಾಯದವರಿದ್ದರು, ಸ್ಥಳೀಯ ಏಡ್ಸ್ ಸಂಘಟನೆಗಳ ಕಾರ್ಯಕರ್ತರಿದ್ದರು, ಆರೋಗ್ಯ ಇಲಾಖೆಯವರಿದ್ದರು. ಏನನ್ನು ಕೇಳಬೇಕು, ಹೇಗೆ ಕೇಳಬೇಕು, ಬಂದ ಉತ್ತರದ ಅರ್ಥವೇನು ಎಂಬುದನ್ನೆಲ್ಲ ಒಟ್ಟಿಗೆ ಕೂತು ತೀರ್ಮಾನಿಸುವುದು ಅವರ ಪದ್ಧತಿ. ಪ್ರಕಟವಾದ ಪ್ರಬಂಧಗಳಲ್ಲಿ ಸಮುದಾಯದವರ ಹೆಸರೂ ಲೇಖಕರ ಸಾಲಿನಲ್ಲೇ ಇದೆ. ಹೀಗೆ ನಡೆದರೆ ಕೆಲಸ ನಿಧಾನ. ಒಂದು ಪ್ರಶ್ನಾವಳಿಗೆ ತಿಂಗಳುಗಳು ಹಿಡಿಯುತ್ತವೆ. ಆ ನಿಧಾನಕ್ಕೆ ಫಲ ಇತ್ತೇ ಎಂಬುದಕ್ಕೆ ಮುಂದೆ ಬರುತ್ತೇನೆ.

ಗಂಡಸರು ತಾವಾಗಿ ಸೇರುವ ಜಾಗ ಯಾವುದು ಎಂದು ಹುಡುಕಿದರೆ ಸಿಕ್ಕಿದ್ದು ಫುಟ್‌ಬಾಲ್ ಲೀಗ್. ದೂರದ ಊರಿನಲ್ಲಿ ತಂಡವೆಂದರೆ ಬರೀ ಆಟವಲ್ಲ. ಹೊಸದಾಗಿ ಬಂದವನಿಗೆ ಯಾವ ಕಾರ್ಖಾನೆಯಲ್ಲಿ ಕೆಲಸವಿದೆ, ಯಾರ ಕೋಣೆಯಲ್ಲಿ ಒಂದು ಹಾಸಿಗೆ ಖಾಲಿಯಿದೆ, ಊರಿಗೆ ದುಡ್ಡು ಕಳಿಸಲು ಯಾರನ್ನು ನಂಬಬಹುದು ಎಂಬುದೆಲ್ಲ ತಂಡದವರ ಬಾಯಲ್ಲೇ ಸಿಗುವ ಮಾಹಿತಿ. ಪಾಲುದಾರಿಕೆಯವರು ಹೊಸ ಸಂಘ ಕಟ್ಟಲಿಲ್ಲ, ಇದ್ದ ನಂಟಿನ ಮೇಲೆಯೇ ಕೆಲಸ ಕಟ್ಟಿದರು.

ಕಾರ್ಯಕ್ರಮದ ಹೆಸರು ‘ಹೋಂಬ್ರೆಸ್’. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ಗಂಡಸರು’ ಎಂದರ್ಥ. ಒಳಿತನ್ನೂ ಆರೋಗ್ಯಕರ ಸಂಬಂಧಗಳನ್ನೂ ಕಾಪಾಡಿಕೊಳ್ಳುವ ಗಂಡಸರು ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳೂ ಅವೇ. ಹೆಸರಿನಲ್ಲಿ ಕಾಯಿಲೆಯ ಸುಳಿವಿಲ್ಲ, ಇದನ್ನು ನಾನು ಮೆಚ್ಚಿಕೊಂಡೆ. ಕ್ರೀಡಾ ಚೀಲದ ಮೇಲೆ ‘ಏಡ್ಸ್’ ಎಂದು ಬರೆದುಕೊಂಡು ಯಾವನೂ ಮೈದಾನಕ್ಕೆ ಬರುವುದಿಲ್ಲ.

ಹದಿನೈದು ತಂಡಗಳಿಂದ ಹದಿನೈದು ಮಂದಿ ತರಬೇತಿ ಮುಗಿಸಿದರು. ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ‘ಪ್ರೊಮೊಟೋರಾ’ ಎಂಬ ಆರೋಗ್ಯ ಕಾರ್ಯಕರ್ತೆಯರ ಪದ್ಧತಿ ಹಳೆಯದು. ನಮ್ಮ ಆಶಾ ಕಾರ್ಯಕರ್ತೆಯರಂತೆ ಅದು ಹೆಚ್ಚಾಗಿ ಹೆಂಗಸರ ಕೆಲಸ. ಇಲ್ಲಿ ಗಂಡಸರಿಗೆ ಬೇರೆ ಹೆಸರು ಬಂತು: ‘ನಾವೆಗಾಂತೆ’. ದಾರಿ ಬಲ್ಲ ನಾವಿಕ ಎನ್ನಬಹುದು. ನಾವೆ ಎಂಬ ನಮ್ಮ ಪದದ ದೂರದ ನೆಂಟ ಆ ಹೆಸರು.

ನಾವೆಗಾಂತೆ ಮಾಡಬೇಕಾದದ್ದು ಮೂರು ಕೆಲಸ. ಜೊತೆಗಾರರಿಗೆ ಮಾಹಿತಿ ಕೊಡುವುದು, ಪರೀಕ್ಷೆಗೆ ದಾರಿ ತೋರಿಸುವುದು, ಕಾಂಡೋಮ್ ಕೈಗಿಡುವುದು ಒಂದು. ತಂಡದಲ್ಲಿ ಯಾವುದು ಗಂಡಸುತನ ಎಂಬ ಮಾತು ಬಂದಾಗ ಅದನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸುವುದು ಇನ್ನೊಂದು. ಮೂರನೆಯದು, ಜೊತೆಗಾರರ ಕಷ್ಟವನ್ನು ಸಂಘಟನೆಗಳ, ಇಲಾಖೆಯ ಕಿವಿಗೆ ಮುಟ್ಟಿಸುವುದು. ನನ್ನ ಲೆಕ್ಕದಲ್ಲಿ ಈ ಮೂರನೆಯದೇ ಪಾಲುದಾರಿಕೆಯನ್ನು ಪಾಲುದಾರಿಕೆಯನ್ನಾಗಿ ಮಾಡುವುದು. ಇಲಾಖೆ ಹೇಳಿದ್ದನ್ನು ಜನಕ್ಕೆ ಹೊತ್ತುಕೊಂಡು ಹೋಗುವ ಹಮಾಲಿಗಳು ಎಲ್ಲ ಯೋಜನೆಗಳಲ್ಲೂ ಇರುತ್ತಾರೆ. ಜನ ಹೇಳಿದ್ದನ್ನು ಇಲಾಖೆಗೆ ಹೊತ್ತು ತರುವವರು ಅಪರೂಪ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ಪೀರ್‌ಗಳಾಗಿ, ಅಂದರೆ ತಮ್ಮಂಥವರಿಗೇ ತಿಳಿಹೇಳುವ ಜೊತೆಗಾರರಾಗಿ ದುಡಿದು, ಆಮೇಲೆ ಸಮಿತಿಯನ್ನೇ ನಡೆಸುವ ಮಟ್ಟಕ್ಕೆ ಬಂದದ್ದನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಹದಿನೆಂಟು ತಿಂಗಳು ಹೀಗೆ ನಡೆಯಿತು. ಪಂದ್ಯ ಮುಗಿದ ಮೇಲೆ, ಕಾರಿನಲ್ಲಿ ಹೋಗುವಾಗ, ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತಾಗ ನಡೆಯುವ ಮಾತು ಇದು. ಇದಕ್ಕೆ ಸಭೆ, ಬ್ಯಾನರು ಬೇಕಿಲ್ಲ. ಒಬ್ಬನಿಗೆ ಉರಿಮೂತ್ರ ಶುರುವಾಗಿದ್ದರೆ ಅವನು ಡಾಕ್ಟರಿಗೆ ಹೇಳುವ ಮೊದಲು ತನ್ನ ಗೋಲ್‌ಕೀಪರ್‌ಗೆ ಹೇಳುತ್ತಾನೆ. ಆ ಗೋಲ್‌ಕೀಪರ್‌ಗೆ ಮುಂದೇನು ಎಂದು ಗೊತ್ತಿರಬೇಕು, ಅಷ್ಟೇ.

ಲೆಕ್ಕ ಏನು ಹೇಳಿತು

ಫಲವನ್ನು ಅಳೆಯಲು ಇನ್ನೂ ಹದಿನೈದು ತಂಡಗಳನ್ನು ಹೋಲಿಕೆಗೆ ಇಟ್ಟುಕೊಂಡಿದ್ದರು. ಅಲ್ಲಿ ನಾವೆಗಾಂತೆ ಇರಲಿಲ್ಲ. ಎರಡೂ ಕಡೆಯಿಂದ ಚೀಟಿ ಎತ್ತಿದಂತೆ ಆರಿಸಿದ ಆಟಗಾರರನ್ನು ಮೊದಲೊಮ್ಮೆ, ಹದಿನೆಂಟು ತಿಂಗಳ ಮೇಲೆ ಇನ್ನೊಮ್ಮೆ ಪ್ರಶ್ನಿಸಿದರು. ಒಟ್ಟು 222 ಮಂದಿ. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹಿಂದಿನ 30 ದಿನಗಳಲ್ಲಿ ತಪ್ಪದೆ ಕಾಂಡೋಮ್ ಬಳಸಿದೆವು ಎಂದವರು ನಾವೆಗಾಂತೆ ಇದ್ದ ತಂಡಗಳಲ್ಲಿ ನೂರಕ್ಕೆ 65.6, ಇಲ್ಲದ ತಂಡಗಳಲ್ಲಿ 41.3. ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡೆವು ಎಂದವರು ಒಂದು ಕಡೆ 64.4, ಇನ್ನೊಂದು ಕಡೆ 41.8.

ಇವು ಗಂಡಸರು ತಾವೇ ಹೇಳಿಕೊಂಡದ್ದು, ಅದನ್ನು ಮರೆಯಬಾರದು. ಕಾಂಡೋಮಿನ ವಿಷಯದಲ್ಲಿ ಎದುರಿನವರಿಗೆ ಹಿಡಿಸುವ ಉತ್ತರ ಕೊಡುವ ಚಾಳಿ ಎಲ್ಲ ದೇಶಗಳಲ್ಲೂ ಇದೆ. ಆದರೂ ಪರೀಕ್ಷೆಯ ಅಂಕಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕೌಂಟಿ ಕೇಂದ್ರಗಳ ಪರೀಕ್ಷೆ ಮೊದಲೂ ಬಿಟ್ಟಿ, ಆಮೇಲೂ ಬಿಟ್ಟಿ. ಒಂದು ಗುಂಪಿಗೆ ಹೆಚ್ಚಾಗಿ ಸಿಕ್ಕಿದ್ದು ‘ಬಾ, ನಾನು ಹೋಗಿ ಬಂದಿದ್ದೇನೆ, ಏನೂ ಆಗಲ್ಲ’ ಎನ್ನುವ ಒಬ್ಬ ಗೆಳೆಯ.

ಮೈದಾನದ ಆಚೆ ಉಳಿದವರು

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಇದೊಂದು ಗೆಲುವಿನ ಕಥೆ. ಆದರೆ ಆ ಮೈದಾನದಲ್ಲಿ ಕೆಲವರು ಇರಲಿಲ್ಲ, ಅಥವಾ ಇದ್ದರೂ ತಾವು ಯಾರೆಂದು ಹೇಳಿಕೊಳ್ಳುವಂತಿರಲಿಲ್ಲ.

ಹೋಂಬ್ರೆಸ್ ರೂಪುಗೊಂಡದ್ದು ಹೆಚ್ಚಾಗಿ ಹೆಂಗಸರ ಜೊತೆ ಸಂಬಂಧವಿರುವ ಗಂಡಸರಿಗೆಂದು. ಅಮೆರಿಕದಲ್ಲಿ ಎಚ್‌ಐವಿಯ ದೊಡ್ಡ ಹೊರೆ ಬಿದ್ದಿರುವುದು ಗಂಡಸರೊಂದಿಗೆ ಸಂಬಂಧವಿರುವ ಗಂಡಸರ ಮೇಲೆ. 2022ರಲ್ಲಿ ಆ ದೇಶದಲ್ಲಾದ ಹೊಸ ಸೋಂಕುಗಳು ಸುಮಾರು 31,800 ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಅಂದಾಜು. ಅದರಲ್ಲಿ ಮೂರನೇ ಎರಡರಷ್ಟು ಗೇ ಮತ್ತು ದ್ವಿಲಿಂಗಿ ಗಂಡಸರದು. ಜನಸಂಖ್ಯೆಯಲ್ಲಿ ಐದನೇ ಒಂದರಷ್ಟಿರುವ ಲ್ಯಾಟಿನೊಗಳ ಪಾಲು ಹೊಸ ಸೋಂಕಿನಲ್ಲಿ ಮೂರನೇ ಒಂದು. ತಂಡದ ಗೆಳೆತನ ಯಾವುದರ ಮೇಲೆ ನಿಂತಿದೆಯೋ ಆ ಗಂಡಸುತನದ ಮಾತೇ ಇವರನ್ನು ಹೊರಗಿಡುವ ಗೋಡೆ. ಲಾಕರ್ ಕೋಣೆಯಲ್ಲಿ ಎಲ್ಲರೂ ನಗುವ ನಗೆಮಾತು ಯಾರ ಬಗ್ಗೆ ಎಂಬುದು ಅಲ್ಲೇ ಮೌನವಾಗಿ ಬೂಟು ಬಿಚ್ಚುತ್ತಿರುವ ಒಬ್ಬನಿಗೆ ಚೆನ್ನಾಗಿ ಗೊತ್ತಿರುತ್ತದೆ. ಇದ್ದ ನಂಟಿನ ಮೇಲೆ ಕೆಲಸ ಕಟ್ಟುವಾಗ ಆ ನಂಟಿನೊಳಗಿನ ಬಹಿಷ್ಕಾರವೂ ಜೊತೆಗೇ ಬರುತ್ತದೆ. ಸಮುದಾಯ, ಸಮುದಾಯ ಎಂದು ಉತ್ಸಾಹದಿಂದ ಬರೆಯುವ ನಮ್ಮಂಥವರು ಇದನ್ನು ಬೇಗ ಮರೆಯುತ್ತೇವೆ.

ಪಾಲುದಾರಿಕೆ ಒಂದು ಅನುದಾನದ ಅವಧಿಗಷ್ಟೇ ಹುಟ್ಟಿದ್ದಾಗಿದ್ದರೆ ಈ ಕೊರತೆ ವರದಿಯ ಕೊನೆಯ ಪುಟದಲ್ಲಿ ‘ಮಿತಿಗಳು’ ಎಂಬ ತಲೆಬರಹದಡಿ ಮಲಗುತ್ತಿತ್ತು. ಇವರು ಮನೆಗೆ ಹೋಗಲಿಲ್ಲ. ಆ ನಿಧಾನದ ಕೂಡುಕೆಲಸದಲ್ಲಿ ಬೆಳೆದ ಸಲುಗೆ ಆಗ ಕೈಹಿಡಿಯಿತು. ಗೇ ಲ್ಯಾಟಿನೊ ಗಂಡಸರೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಪಾಲುದಾರಿಕೆಯ ಒಳಗೆ ಬಂದು ತಮ್ಮ ಕಾರ್ಯಕ್ರಮವನ್ನು ತಾವು ರೂಪಿಸಿದರು. ‘ಓಲಾ’ ಎಂಬುದು ಅದರ ಹೆಸರು. ಬೆಂಗಳೂರಿನ ಟ್ಯಾಕ್ಸಿಯ ಹೆಸರನ್ನೇ ಹೋಲುವ ಆ ಪದಕ್ಕೆ ಸ್ಪ್ಯಾನಿಷ್‌ನಲ್ಲಿ ‘ನಮಸ್ಕಾರ’ ಎಂಬ ಅರ್ಥ. ನಾವೆಗಾಂತೆ ಇಲ್ಲೂ ಇದ್ದ. ಆದರೆ ಇವರಿಗೆ ಲೀಗ್ ಇಲ್ಲ, ಪಂದ್ಯದ ವೇಳಾಪಟ್ಟಿ ಇಲ್ಲ. ಯಾರದೋ ಅಡುಗೆಮನೆಯಲ್ಲಿ ಶನಿವಾರ ರಾತ್ರಿ ಸೇರುವ ಐದಾರು ಗೆಳೆಯರ ಬಳಗವೇ ಇವರ ತಂಡ. ಹಾಗಾಗಿ ಕಾರ್ಯಕ್ರಮ ಆ ಬಳಗಗಳ ಹಾದಿ ಹಿಡಿಯಿತು.

ಇದರ ಗುಂಪುತರಗತಿಯ ರೂಪ ‘ಓಲಾ ಎನ್ ಗ್ರೂಪೋಸ್’. ನಾಲ್ಕು ಭೇಟಿಗಳ ಕಾರ್ಯಕ್ರಮ. 2012ರಿಂದ 2015ರವರೆಗೆ 304 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ಈ ಕಾರ್ಯಕ್ರಮ, ಉಳಿದವರಿಗೆ ಸಾಮಾನ್ಯ ಆರೋಗ್ಯದ ಪಾಠ. ಆರು ತಿಂಗಳ ಮೇಲೆ ನೋಡಿದರೆ ತಪ್ಪದೆ ಕಾಂಡೋಮ್ ಬಳಸುವ ಸಾಧ್ಯತೆಯ ಅನುಪಾತ ಕಾರ್ಯಕ್ರಮ ಸಿಕ್ಕ ಗುಂಪಿನಲ್ಲಿ ಇನ್ನೊಂದು ಗುಂಪಿನ 4.1 ಪಟ್ಟು, ಎಚ್‌ಐವಿ ಪರೀಕ್ಷೆಯದು 13.8 ಪಟ್ಟು. ಹದಿಮೂರು ಪಟ್ಟಿಗೂ ಹೆಚ್ಚು ಎಂಬುದನ್ನು ಓದಿದಾಗ ನನಗೆ ಖುಷಿಗಿಂತ ಮೊದಲು ಬಂದದ್ದು ಸಂಕಟ. ಒಂದು ಕೋಣೆಯಲ್ಲಿ ನಾಲ್ಕು ಸಲ, ತನ್ನ ಭಾಷೆಯಲ್ಲಿ, ತನ್ನಂಥವರ ಜೊತೆ ಕೂರಿಸಿದ್ದಕ್ಕೇ ಇಷ್ಟು ಬದಲಾಗುತ್ತದೆ ಎಂದರೆ ಆ ಕೋಣೆ ಅವರಿಗೆ ಅಷ್ಟು ವರ್ಷ ಸಿಕ್ಕಿರಲೇ ಇಲ್ಲ.

ಆಟಕ್ಕೆ ಬಾರದ ಗಂಡಸರನ್ನು ಮುಟ್ಟಲು ಲ್ಯಾಟಿನೊಗಳು ಒತ್ತಾಗಿ ವಾಸಿಸುವ ವಸತಿಗಳಲ್ಲೇ ನಾವೆಗಾಂತೆಗಳನ್ನು ನಿಲ್ಲಿಸಿದ ರೂಪವೂ ಬಂತು. ಡೇಟಿಂಗ್ ಆ್ಯಪ್, ಸಾಮಾಜಿಕ ಜಾಲತಾಣಗಳಲ್ಲಿ ತರಬೇತಾದ ಗೆಳೆಯನೊಬ್ಬ ಮಾತಿಗೆ ಸಿಗುವಂಥ ಕಾರ್ಯಕ್ರಮಗಳೂ ಬಂದವು.

ಮಾತ್ರೆ ಬಂತು, ದಾರಿ ಮುಚ್ಚಿತು

2012ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪ್ರೆಪ್‌ಗೆ ಒಪ್ಪಿಗೆ ಕೊಟ್ಟರು. ಸೋಂಕಿಲ್ಲದವನು ದಿನಕ್ಕೊಂದು ಮಾತ್ರೆ ನುಂಗಿ ಎಚ್‌ಐವಿಯನ್ನು ತಡೆಯಬಹುದು. ಇದರಿಂದ ತಡೆಗಟ್ಟುವ ಕೆಲಸದ ಸ್ವರೂಪವೇ ಬದಲಾಯಿತು. ಕಾಂಡೋಮನ್ನು ಗೆಳೆಯ ಚೀಲದಿಂದ ತೆಗೆದು ಕೊಡಬಲ್ಲ. ಪ್ರೆಪ್ ಅನ್ನು ಕೊಡಲಾರ. ಅದಕ್ಕೆ ಡಾಕ್ಟರ ಚೀಟಿ ಬೇಕು, ಶುರುಮಾಡುವ ಮೊದಲು ರಕ್ತಪರೀಕ್ಷೆ ಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ಬರಬೇಕು, ದುಡ್ಡು ಕೊಡಲು ವಿಮೆ ಬೇಕು. ಮೈದಾನದಲ್ಲೇ ಮುಗಿಯುತ್ತಿದ್ದ ಕೆಲಸ ಈಗ ಯಾವ ಬಾಗಿಲಿಗೆ ಅವರು ಹೆದರುತ್ತಿದ್ದರೋ ಅದೇ ಬಾಗಿಲಿಗೆ ಬಂದು ನಿಂತಿತು.

ಫಲ ಅಂಕಿಯಲ್ಲೇ ಇದೆ. 2022ರಲ್ಲಿ ಪ್ರೆಪ್‌ನಿಂದ ಪ್ರಯೋಜನ ಪಡೆಯಬಹುದಾಗಿದ್ದ ಬಿಳಿಯರಲ್ಲಿ ನೂರಕ್ಕೆ 94ರಷ್ಟು ಮಂದಿಗೆ ಅದನ್ನು ಬರೆದುಕೊಟ್ಟಿದ್ದರು ಎಂದು ಸಿಡಿಸಿಯ ಲೆಕ್ಕ. ಲ್ಯಾಟಿನೊಗಳಲ್ಲಿ 24. ಕಪ್ಪು ಜನರಲ್ಲಿ 13. ಔಷಧಿ ಒಂದೇ, ದೇಶ ಒಂದೇ.

ನಾರ್ತ್ ಕ್ಯಾರೊಲೈನಾ 2023ರ ಡಿಸೆಂಬರ್‌ನಲ್ಲಿ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ಹೆಚ್ಚು ಜನಕ್ಕೆ ವಿಸ್ತರಿಸಿತು. ಕಾಗದಪತ್ರ ಇಲ್ಲದ ವಲಸಿಗರು ಅದರಲ್ಲಿ ಸೇರಲಿಲ್ಲ. ಕೋಳಿ ಕೊಯ್ಯುವವನೂ ಮನೆ ಕಟ್ಟುವವನೂ ಹಲವರು ಹೊರಗೇ ಉಳಿದರು.

ಇನ್ನು ಭಯದ ವಿಷಯ. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಷೆರಿಫ್‌ನ ಇಲಾಖೆಯವರೇ ವಲಸೆ ಪೊಲೀಸರ ಕೆಲಸ ಮಾಡಲು ಒಪ್ಪಂದ ಮಾಡಿಕೊಳ್ಳುವ 287(ಜಿ) ಎಂಬ ವ್ಯವಸ್ಥೆ ಈ ರಾಜ್ಯದ ಹಲವು ಕೌಂಟಿಗಳಿಗೆ ಬಂದಿತ್ತು. ಅದು ಜನರ ಆರೋಗ್ಯಕ್ಕೆ ಏನು ಮಾಡಿತು ಎಂದು ರೋಡ್ಸ್ ಮತ್ತು ಸಂಗಡಿಗರು ಹುಡುಕಿ 2015ರಲ್ಲಿ ಪ್ರಕಟಿಸಿದರು. ಜನ ಹೇಳಿದ್ದು ಇಷ್ಟು: ಆಸ್ಪತ್ರೆಯ ಮೇಲೆ ನಂಬಿಕೆ ಇಲ್ಲ, ಹೋಗುವುದನ್ನು ಮುಂದೂಡುತ್ತೇವೆ, ಕೆಲವೊಮ್ಮೆ ಬಿಟ್ಟೇಬಿಡುತ್ತೇವೆ. ಅಂದರೆ ಒಂದು ಇಲಾಖೆ ಹತ್ತು ವರ್ಷ ಕೂತು ಹೆಣೆದ ನಂಬಿಕೆಯನ್ನು ಇನ್ನೊಂದು ಇಲಾಖೆ ರಸ್ತೆಬದಿಯ ಒಂದು ತಪಾಸಣೆಯಲ್ಲಿ ಹರಿದುಹಾಕಬಲ್ಲದು. 2024ರ ನವೆಂಬರ್‌ನಲ್ಲಿ ಆ ರಾಜ್ಯದ ಶಾಸಕಾಂಗ ಗವರ್ನರರ ತಡೆಯನ್ನು ಮೀರಿ, ಎಲ್ಲ ಷೆರಿಫ್‌ಗಳೂ ವಲಸೆ ಪೊಲೀಸರ ಜೊತೆ ಸಹಕರಿಸಲೇಬೇಕೆಂಬ ಕಾಯ್ದೆ ಮಾಡಿತು. ಆರೋಗ್ಯ ಇಲಾಖೆಯವರು ಈ ವಿಷಯ ನಮ್ಮದಲ್ಲ ಎಂದು ಕೂರಬಾರದು ಎಂದೇ ನಾನು ಬಲವಾಗಿ ನಂಬುತ್ತೇನೆ. ಪಾಲುದಾರಿಕೆಗೆ ಸಹಿ ಹಾಕಿದ ಕೈಯೇ ಈ ಮಾತನ್ನೂ ಶಾಸಕರ ಮೇಜಿನ ಮೇಲೆ ಇಡಬೇಕು. ನಾವೆಗಾಂತೆಯ ಮೂರನೇ ಕೆಲಸ ಇದೇ ಆಗಿತ್ತಲ್ಲ.

2025ರ ಜೂನ್‌ನಲ್ಲಿ ಇನ್ನೊಂದು ಒಪ್ಪಿಗೆ ಸಿಕ್ಕಿತು. ಲೆನಕಾಪವಿರ್ ಎಂಬ ಇಂಜೆಕ್ಷನ್, ಆರು ತಿಂಗಳಿಗೊಂದು ಸಲ. ದಿನವೂ ಮಾತ್ರೆ ನುಂಗಬೇಕಿಲ್ಲ, ಕೋಣೆಯಲ್ಲಿ ಜೊತೆಗಿರುವ ನಾಲ್ವರ ಕಣ್ಣಿಗೆ ಬೀಳುವ ಡಬ್ಬಿ ಇಟ್ಟುಕೊಳ್ಳಬೇಕಿಲ್ಲ. ಹತ್ತು ಜನ ಒಂದೇ ಸೂರಿನಡಿ ಮಲಗುವ ಕಡೆ ಇದು ಸಣ್ಣ ಅನುಕೂಲವಲ್ಲ. ವರ್ಷಕ್ಕೆ ಎರಡೇ ಸಲ ಕ್ಲಿನಿಕ್ಕಿಗೆ ಹೋಗಿ ಬಂದರೆ ಆಯಿತು.

ಆದರೆ ಅಷ್ಟು ಹೋಗಿ ಬರಬೇಕಲ್ಲ. ಗ್ರಾಮೀಣ ನಾರ್ತ್ ಕ್ಯಾರೊಲೈನಾದಲ್ಲಿ ಬಸ್ಸಿಲ್ಲ ಎಂದೇ ಹೇಳಬೇಕು. ಕಾಗದಪತ್ರ ಇಲ್ಲದವರಿಗೆ ಆ ರಾಜ್ಯ 2006ರಿಂದ ಡ್ರೈವಿಂಗ್ ಲೈಸೆನ್ಸ್ ಕೊಡುವುದಿಲ್ಲ. ಹಾಗಾಗಿ ಇಂಜೆಕ್ಷನ್ನಿನ ದಿನ ಯಾರಾದರೂ ಅರ್ಧ ದಿನದ ಕೂಲಿ ಬಿಟ್ಟು, ಲೈಸೆನ್ಸ್ ಇರುವವರ ಕಾರಿನಲ್ಲಿ ಆ ಗೆಳೆಯನನ್ನು ಕೂರಿಸಿಕೊಂಡು ಹೋಗಬೇಕು. ಹೋಂಬ್ರೆಸ್‌ನ ದಿನಗಳಲ್ಲಿ ನಾವೆಗಾಂತೆಯ ಚೀಲದಲ್ಲಿ ಕಾಂಡೋಮ್ ಇತ್ತು. ಈಗ ಅವನ ಬಳಿ ಇರಬೇಕಾದದ್ದು ಪೆಟ್ರೋಲ್ ತುಂಬಿದ ಒಂದು ಕಾರು, ಶಿಫ್ಟ್ ಮುಗಿದ ಮೇಲೂ ತೆರೆದಿರುವ ಒಂದು ಕ್ಲಿನಿಕ್ಕಿನ ವಿಳಾಸ, ಅಲ್ಲಿ ಕೌಂಟರಿನಲ್ಲಿ ಸ್ಪ್ಯಾನಿಷ್ ಮಾತಾಡುವವರ ಹೆಸರು.